“ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ” ಎಂಬ ಮಾತಿನ ಅರ್ಥ, ವ್ಯಾಪ್ತಿ ಹಾಗೂ ಬಳಕೆಯ ನಿರ್ಬಂಧ ಕುರಿತು

ಸಂಖ್ಯೆ: ಆಡಳಿತ/ಕೋಪ/ಉಪಶಮನ/೧೧
ಉಲ್ಲೇಖ: ಲಿಫ್ಟಿನ ಒಳಗಿನಿಂದ ಸ್ವೀಕೃತವಾದ ಮೌಖಿಕ ಅಹವಾಲುಗಳು (ತಾರಕ ಸ್ವರ).

ಪೀಠಿಕೆ:

ಕಳೆದ ಸೋಮವಾರ ಮಧ್ಯಾಹ್ನ ಈ ಇಲಾಖೆಯ ಮುಖ್ಯಾಧಿಕಾರಿಯವರು ಊಟದ ಡಬ್ಬಿ ಸಮೇತ ಲಿಫ್ಟ್ ಹತ್ತಿದ್ದು, ಸದರಿ ಲಿಫ್ಟ್ ಎರಡು ಮಹಡಿಗಳ ನಡುವೆ ತ್ರಿಶಂಕುವಿನಂತೆ ನಿಂತಿರುವುದು ಸರಿಯಷ್ಟೆ. ಸಿಬ್ಬಂದಿಯ ಕಣ್ಣಿಗೆ ಹುಲಿಯಾಗಿದ್ದ ಸದರಿಯವರಿಗೆ ಮುಚ್ಚಿದ ಜಾಗವೆಂದರೆ ಚಿಕ್ಕಂದಿನಿಂದಲೂ ಕೈಕಾಲು ತಣ್ಣಗಾಗುತ್ತಿದ್ದ ಸಂಗತಿ ಯಾವ ಕಡತದಲ್ಲೂ ನಮೂದಾಗಿರಲಿಲ್ಲ. ಅವರು ಮೊದಲು ಗಂಟೆಯ ಗುಂಡಿ ಒತ್ತಿದರು. ತರುವಾಯ ಉಳಿದೆಲ್ಲ ಗುಂಡಿಗಳನ್ನು ಒತ್ತಿದರು. ಕೊನೆಗೆ ದಾರಿ ಕಾಣದೆ ಅಂಗಿಯ ಗುಂಡಿಗಳನ್ನು ಬಿಚ್ಚಿದರು. “ಯಾರಾದ್ರೂ ಇದ್ದೀರೇನ್ರೋ!” ಎಂಬ ಅವರ ಕೂಗು ಎಲ್ಲ ಮಹಡಿಗಳಲ್ಲೂ ತಕ್ಷಣದಿಂದ ಜಾರಿಗೆ ಬಂದಿತು.

ಮೊದಲು ಓಡಿಬಂದ ಟಪಾಲು ಗುಮಾಸ್ತರು ಬಾಗಿಲ ಸಂದಿಗೆ ಬಾಯಿಟ್ಟು, “ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ ಸಾರ್” ಎಂದರು. ಲಿಫ್ಟ್ ಇದ್ದಲ್ಲೇ ಇದ್ದು, ಸಾಹೇಬರ ಕೋಪ ಮಾತ್ರ ಒಂದು ಮಹಡಿ ಮೇಲೇರಿತು. ಬೆರಳಚ್ಚುಗಾರ್ತಿಯವರು ಅದೇ ಮಾತನ್ನು ರಾಗವಾಗಿ ಹೇಳಿದರು. ಕಾವಲುಗಾರರು, “ಸಮಾಧಾನ ಸಾರ್, ಮೆಕ್ಯಾನಿಕ್ ಊಟಕ್ಕೆ ಹೋಗಿದಾನೆ, ಬಂದ್ಬಿಡ್ತಾನೆ” ಎಂದು ಉರಿಯುವ ಬೆಂಕಿಗೆ ತುಪ್ಪ ಸುರಿದರು.

“ಸಮಾಧಾನ ಏನು ನಿಮ್ಮಪ್ಪನ ಮನೆ ಗಂಟೇನ್ರೀ, ಹೀಗೆ ಹಂಚ್ತಾ ಇದ್ದೀರಾ?” ಎಂದು ಒಳಗಿನಿಂದ ವಿವರಣೆ ಕೇಳಲಾಯಿತು.

ಅಷ್ಟರಲ್ಲಿ ಲೆಕ್ಕ ಶಾಖೆಯ ಅಧೀಕ್ಷಕಿಯವರು ಮೆಟ್ಟಿಲಿಳಿದು ಬಂದರು. ಸದರಿಯವರು ಮುಖ್ಯಾಧಿಕಾರಿಯವರ ಪತ್ನಿಯೂ ಆಗಿರುತ್ತಾರೆ. ಅಂದು ಬೆಳಗ್ಗೆ ಅಡುಗೆಮನೆಯ ನಲ್ಲಿ ಕಿತ್ತುಬಂದು, ಅವರು ತಲೆಯಿಂದ ಕಾಲಿನವರೆಗೆ ನೆನೆದು ನಿಂತಿದ್ದಾಗ, ಗಂಡ ಪೇಪರಿನ ಹಿಂದಿನಿಂದ “ಸಮಾಧಾನ ಮಾಡ್ಕೊಳ್ಳೇ” ಎಂದ ಕಾರಣ ಮಾತು ಬಿಟ್ಟಿದ್ದರು. ಈಗ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಮುಹೂರ್ತವಿರಲಿಲ್ಲವಾದರೂ, ಸದರಿಯವರು ಲಿಫ್ಟಿನ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು.

“ಕೂಗಿ ರೀ. ಚೆನ್ನಾಗಿ ಕೂಗಿ. ನಾನೂ ಕೂಗ್ತೀನಿ” ಎಂದರು. ಕೂಗಿಯೂ ಬಿಟ್ಟರು. ಒಳಗಿನಿಂದ ಅವರು, ಹೊರಗಿನಿಂದ ಇವರು. ಕಾವಲುಗಾರರ ಟೋಪಿ ಬಿದ್ದಿರುತ್ತದೆ. ಇಬ್ಬರಿಗೂ ಉಸಿರು ಸಾಲದಾದಾಗ, ಒಳಗಿನಿಂದ ಸಣ್ಣ ದನಿ ಬಂತು: “ಲೇ, ಹೆದರಿಕೆ ಆಗ್ತಿದೆ ಕಣೇ.”

“ಗೊತ್ತು ರೀ. ಇಲ್ಲೇ ಕೂತಿದೀನಿ. ಡಬ್ಬಿ ತೆಗೀರಿ. ಆದ್ರೆ ಬೆಳಗ್ಗೆ ಕೋಪದಲ್ಲಿ ಯಾವುದಕ್ಕೂ ಉಪ್ಪು ಹಾಕಿಲ್ಲ.”

ಒಳಗೆ ನಗು ಆರಂಭವಾಯಿತು. ಹೊರಗೂ ಹಬ್ಬಿತು. ಮೆಕ್ಯಾನಿಕ್ ಬಂದು ಬಾಗಿಲು ತೆರೆದಾಗ, ಮುಖ್ಯಾಧಿಕಾರಿಯವರು ಚಕ್ಕಳಮಕ್ಕಳ ಹಾಕಿಕೊಂಡು ಸಪ್ಪೆ ಊಟವನ್ನು ಕಣ್ಣೀರು ಬರುವಷ್ಟು ನಗುತ್ತಾ ಉಣ್ಣುತ್ತಿದ್ದುದು ಕಂಡುಬಂದಿದೆ.

ಮೇಲ್ಕಂಡ ಹಿನ್ನೆಲೆಯಲ್ಲಿ, ಸಮಸ್ತ ಸಿಬ್ಬಂದಿಯು ಈ ಕೆಳಗಿನಂತೆ ನಡೆದುಕೊಳ್ಳತಕ್ಕದ್ದು:

೧. ಸದರಿ ಮಾತಿಗೆ ಆಡುವವರ ಬಾಯಲ್ಲಿ “ಶಾಂತರಾಗಿ” ಎಂದೂ, ಕೇಳುವವರ ಕಿವಿಯಲ್ಲಿ “ನಿಮಗೆ ತಲೆ ಕೆಟ್ಟಿದೆ” ಎಂದೂ ಅರ್ಥವಿರುತ್ತದೆ. ಇನ್ನು ಮುಂದೆ ಕಿವಿಯ ಅರ್ಥವೇ ಅಧಿಕೃತ.

೨. ಸದರಿ ಮಾತನ್ನು ಈಗಾಗಲೇ ಸಮಾಧಾನವಾಗಿರುವವರಿಗೆ ಮಾತ್ರ ಹೇಳಬಹುದು. ನಿದ್ದೆಯಲ್ಲಿರುವವರಿಗೆ ಆದ್ಯತೆ.

೩. “ಸ್ವಲ್ಪ” ಎಂದರೆ ಎಷ್ಟು ಎಂದು ನಿಗದಿಪಡಿಸಲು ನೇಮಿಸಿದ ಸಮಿತಿಯು ಮೊದಲ ಸಭೆಯಲ್ಲೇ ಜಗಳವಾಡಿ ಚದುರಿರುವುದರಿಂದ, ಮುಂದಿನ ಆದೇಶದವರೆಗೆ ಅದನ್ನು ಒಂದು ಲೋಟ ನೀರಿಗೆ ಸಮನೆಂದು ಭಾವಿಸತಕ್ಕದ್ದು. ನೀರು ಕೊಡದೆ “ಸ್ವಲ್ಪ” ಎನ್ನುವಂತಿಲ್ಲ.

೪. ಹಸುವಿನ ಬೆನ್ನು ಸವರುವಂತೆ ಗಾಳಿಯಲ್ಲಿ ಅಂಗೈ ಆಡಿಸುವುದನ್ನು ನಿಷೇಧಿಸಲಾಗಿದೆ. ಅಂಥ ಕೈಗಳನ್ನು ಕೂಡಲೇ ಸ್ವಂತ ಜೇಬಿಗೆ ಜಮಾ ಮಾಡತಕ್ಕದ್ದು.

೫. “ನಾನು ಸಮಾಧಾನವಾಗೇ ಇದೀನಿ!” ಎಂದು ಮೇಜು ಗುದ್ದಿ ಹೇಳಿದವರ ಮಾತನ್ನು ಮರುಪ್ರಶ್ನೆಯಿಲ್ಲದೆ ನಂಬತಕ್ಕದ್ದು. ಈ ಬಗ್ಗೆ ಮೇಜಿನ ಹೇಳಿಕೆ ಪಡೆಯುವಂತಿಲ್ಲ.

೬. ಕೋಪ ಬಂದವರ ಪಕ್ಕದಲ್ಲಿ ಕೂತು ಜೊತೆಗೆ ಕೂಗಲು ಪ್ರತಿ ಶಾಖೆಯು ಒಬ್ಬ ಸಹಕೂಗುಗಾರರನ್ನು ನಿಯೋಜಿಸತಕ್ಕದ್ದು. ಗಂಟಲು ಭತ್ಯೆ ಇರುವುದಿಲ್ಲ. ಟಪಾಲು ಗುಮಾಸ್ತರ ದನಿ ಸಣ್ಣದಿರುವುದರಿಂದ ಅವರಿಗೆ ತಟ್ಟೆ ಮತ್ತು ಸೌಟು ಒದಗಿಸಲಾಗುವುದು.

೭. ಈ ನಿಯಮಗಳು ಮನೆಗೂ ಅನ್ವಯಿಸುತ್ತವೆ. ಪೇಪರ್ ಮಡಚಿಡತಕ್ಕದ್ದು.

ಆಕ್ಷೇಪಣೆ ಇರುವವರು ಕೂಗಿ ತಿಳಿಸಬಹುದು, ಜೊತೆಗೆ ಕೂಗಲಾಗುವುದು.

ಸಹಿ/-
ಮುಖ್ಯಾಧಿಕಾರಿ
(ಮೆಟ್ಟಿಲು ಹತ್ತಿ ಬಂದ ಕೂಡಲೇ ಸಹಿ ಮಾಡಿದ್ದರಿಂದ ಅಕ್ಷರಗಳು ಏದುಸಿರು ಬಿಡುತ್ತಿವೆ.)

ಪ್ರತಿಗಳು:
೧. ಎಲ್ಲ ಶಾಖೆಗಳ ಸೂಚನಾ ಫಲಕಕ್ಕೆ.
೨. ಲಿಫ್ಟ್ ಮೆಕ್ಯಾನಿಕ್ ಅವರಿಗೆ, ಊಟಕ್ಕೆ ಮುಂಚೆ ತಲುಪಿಸುವುದು.
೩. ಅಧೀಕ್ಷಕಿ, ಲೆಕ್ಕ ಶಾಖೆ: ಮಾಹಿತಿಗಾಗಿ, ತಿದ್ದುಪಡಿಗಾಗಿ ಹಾಗೂ ಪ್ರೀತಿಯಿಂದ.
೪. ಪಕ್ಕದ ಕಟ್ಟಡದ ಗ್ರಂಥಾಲಯಕ್ಕೆ. (ಲಗತ್ತು: ಕಿವಿಗೆ ಹತ್ತಿ.)