ಮೂರನೆಯ ಮಂತ್ರಾಲಯ

ಮಹಾರಾಷ್ಟ್ರದ ಗಡಿಯೂರು ಉಮರ್ಗಾದ ವೈಜನಾಥರು ಯಾರನ್ನೂ ನಂಬುವುದಿಲ್ಲ ಎಂದು ಊರಲ್ಲಿ ಮಾತಿತ್ತು. ಅದು ಪೂರ್ತಿ ನಿಜವಲ್ಲ. ಅವರು ತಮ್ಮ ಹೆಂಡತಿ ಕಸ್ತೂರಬಾಯಿಯನ್ನು ನಂಬುತ್ತಿದ್ದರು. ಉಳಿದ ಜಗತ್ತನ್ನು ಸಂಶಯಿಸುವುದಕ್ಕೇ ಹೊತ್ತು ಸಾಲುತ್ತಿರಲಿಲ್ಲ. ಮನೆಯೊಳಗಿನ ಒಬ್ಬರನ್ನಾದರೂ ಆ ಕೆಲಸದಿಂದ ಬಿಟ್ಟರೆ ಊಟ ನೆಮ್ಮದಿಯಿಂದ ಇಳಿಯುತ್ತದೆ ಎಂಬ ಲೆಕ್ಕ ಅವರದು.

ಫೋನು ಹಚ್ಚಿದರೆ ಗಂಟೆ ಬಾರಿಸುವ ಮೊದಲು ಠಕ್ಕರ ಬಗ್ಗೆ ಎಚ್ಚರಿಕೆ ಕೇಳಿಸತೊಡಗಿದ ಕಾಲದಿಂದ ಅವರ ಈ ಗುಣಕ್ಕೆ ರಾಜಮುದ್ರೆ ಬಿದ್ದಂತಾಗಿತ್ತು. ಬೇರೆಯವರು ಬೈಯುತ್ತ ಆ ಎಚ್ಚರಿಕೆ ಮುಗಿಯಲಿ ಎಂದು ಕಾಯುತ್ತಿದ್ದರೆ ವೈಜನಾಥರು ಪುರಾಣ ಕೇಳಿದಂತೆ ತಲೆದೂಗಿ ಕೇಳುತ್ತಿದ್ದರು. ಬ್ಯಾಂಕಿನಿಂದ ಫೋನು ಬಂದರೆ ಕತ್ತರಿಸಿದರು. ಕೃಷಿ ಇಲಾಖೆಯವರು ಸೋಯಾ ಬೀಜದ ವಿಚಾರ ಹೇಳಲು ಹಚ್ಚಿದರೆ ಬೈದು ಇಟ್ಟರು. ಕಸ್ತೂರಬಾಯಿಯ ಸ್ವಂತ ತಮ್ಮ ಗುರುನಾಥ ಹೊಸ ನಂಬರಿನಿಂದ ಮಾತಾಡಿದಾಗ, ನೀನು ಗುರುನಾಥನೇ ಆಗಿದ್ದರೆ ನಮ್ಮ ಮದುವೆಯಲ್ಲಿ ಮಾಡಿಸಿದ ಸಿಹಿ ಯಾವುದು ಹೇಳು ಎಂದು ಪರೀಕ್ಷೆ ಇಟ್ಟರು. ಅವನು ಬುಂದಿ ಅಂದ. ಮಾಡಿಸಿದ್ದು ಹುಗ್ಗಿ. (ಆಗ ಅವನಿಗೆ ಇನ್ನೂ ಹಾಲುಹಲ್ಲು ಎಂಬುದನ್ನು ಯಾರೂ ಪರಿಗಣಿಸಲಿಲ್ಲ.) ಭಾವ, ಮೈದುನ ಇಬ್ಬರೂ ಈಗಲೂ ಮಾತಾಡುವುದಿಲ್ಲ.

ಮನೆಯಲ್ಲಿ ಕಾನೂನು ಬಂತು. ಗೊತ್ತಿಲ್ಲದ ನಂಬರು ಎತ್ತಕೂಡದು. ಗೊತ್ತಿದ್ದದ್ದು ಎತ್ತಿದರೂ ಮೊದಲು ಹೆಸರು ಹೇಳಕೂಡದು. ಯಾವ ಹೊಸ ಆ್ಯಪನ್ನೂ ಇಳಿಸಕೂಡದು. ಮೀರಿದರೆ ಫೋನನ್ನು ಮಾಕಣಿ ಧರಣದ ನೀರಿಗೆ ಎಸೆದು ಬರಲಾಗುವುದು.

ಹೀಗಿರುವಾಗ ಕಸ್ತೂರಬಾಯಿ ಕಾನೂನು ಮುರಿದರು.

ಓದುವವರಿಗೆ ಗುಟ್ಟು ಈಗಲೇ ಹೇಳಿಬಿಡುತ್ತೇನೆ. ವೈಜನಾಥರಿಗೆ ಮಾತ್ರ ಹೇಳಬೇಡಿ. ಕಸ್ತೂರಬಾಯಿಯ ಅಕ್ಕನ ಮಗಳು ಪ್ರಣಿತಾ ಉದಗೀರದಲ್ಲಿ ಇರುತ್ತಾಳೆ. ಯಂತ್ರಕ್ಕೆ ಕನ್ನಡ ತಿಳಿಯುವಂತೆ ಮಾಡಲು ದಿಲ್ಲಿಗೆ ಜನರ ದನಿ ಬೇಕಾಗಿತ್ತು. ಅದನ್ನು ಕೂಡಿಹಾಕಿ ಕಳಿಸುವ ಕೆಲಸ ಅವಳದು. ದಿಲ್ಲಿ ಎಂದರೆ ಇಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನದ ಸಚಿವಾಲಯ. ಹಿಂದಿ ಮರಾಠಿಯಲ್ಲಿ ಸಚಿವಾಲಯಕ್ಕೆ ಮಂತ್ರಾಲಯ ಎನ್ನುತ್ತಾರೆ. ಪ್ರಣಿತಾ ಓದಿದ್ದು ಮರಾಠಿ ಸೀಮೆಯ ಉದಗೀರದಲ್ಲಾದ್ದರಿಂದ ಅವಳ ಬಾಯಲ್ಲೂ ಮಂತ್ರಾಲಯವೇ. ಫೋನಿನ ಮೇಲೆ ಒಂದೊಂದೇ ವಾಕ್ಯ ಮೂಡುತ್ತದೆ, ಅದನ್ನು ಗಟ್ಟಿಯಾಗಿ ಓದಬೇಕು, ಅದು ದಿಲ್ಲಿಗೆ ಹೋಗುತ್ತದೆ. ಕಸ್ತೂರಬಾಯಿಯ ತವರು ಆಳಂದ, ಕಲಿತದ್ದು ಕನ್ನಡ ಶಾಲೆ. ಮದುವೆಯಾಗಿ ಬಂದ ಮೇಲೆ ಕನ್ನಡ ಓದುವ ಪ್ರಸಂಗವೇ ಬಂದಿರಲಿಲ್ಲ. ಮಾವಶಿ, ನಿಮ್ಮ ದನಿ ಸರ್ಕಾರಕ್ಕೆ ಬೇಕಾಗಿದೆ ಎಂದು ಪ್ರಣಿತಾ ಹೇಳಿದ ದಿನ ಆಕೆ ಎರಡು ಸಲ ಕನ್ನಡಿ ನೋಡಿಕೊಂಡರು.

ಆದರೆ ಗದ್ದಲ ಇರಕೂಡದು, ಫ್ಯಾನು ತಿರುಗಕೂಡದು, ದನಿ ಗೋಡೆಗೆ ಬಡಿದು ಮರಳಕೂಡದು. ಮನೆಯಲ್ಲಿ ಅಂಥ ಜಾಗ ಸೋಯಾ ಚೀಲ ಒಟ್ಟಿದ ಕೋಣೆ ಒಂದೇ. ಕಸ್ತೂರಬಾಯಿ ಅದರೊಳಗೆ ಹೋಗಿ, ಬಾಗಿಲು ಮುಂದೆ ಮಾಡಿ, ತಲೆಯ ಮೇಲೆ ಕೌದಿ ಹೊದ್ದುಕೊಂಡು ದೇಶಸೇವೆ ಸುರುಮಾಡಿದರು.

ಒಂದು ಮಧ್ಯಾಹ್ನ ವೈಜನಾಥರು ಹೊಲದಿಂದ ಬೇಗ ಬಂದರು. ಅಡುಗೆಮನೆ ಖಾಲಿ. ಚೀಲದ ಕೋಣೆಯೊಳಗಿಂದ ಹೆಂಡತಿಯ ದನಿ. ಕಿವಿ ಹಚ್ಚಿದರು.

“ನನಗೆ ಕಿಟಕಿಯ ಪಕ್ಕದ ಆಸನ ಬೇಕು” ಎಂದಿತು ದನಿ, ಬಲು ಮೃದುವಾಗಿ.

ವೈಜನಾಥರು ಬೆವರಿದರು. ಮದುವೆಯಾದಾಗಿನಿಂದ ಬಸ್ಸಿನ ಕಿಟಕಿ ಅವರದೇ. ಎಲೆಯಡಿಕೆ ಉಗುಳಲು ಬೇಕು. ಒಂದು ದಿನವೂ ಆಕೆ ಕೇಳಿದ್ದಿಲ್ಲ. ಈಗ ಯಾರನ್ನು ಕೇಳುತ್ತಿದ್ದಾರೆ?

ತುಸು ಹೊತ್ತಿಗೆ ಮತ್ತೆ: “ನನ್ನ ಗುರುತಿನ ಚೀಟಿಯಲ್ಲಿ ಗಂಡನ ಹೆಸರನ್ನು ತೆಗೆದು ತಂದೆಯ ಹೆಸರನ್ನು ಸೇರಿಸುವುದು ಹೇಗೆ?”

ಕೆಮ್ಮು. ಮತ್ತೆ ಅದೇ ವಾಕ್ಯ, ಇನ್ನೂ ನಿಧಾನವಾಗಿ, ಇನ್ನೂ ಸ್ಪಷ್ಟವಾಗಿ. ಗಂಡನ ಹೆಸರನ್ನು, ತೆಗೆದು.

ಕಟ್ಟೆಯ ಮೇಲೆ ಕೂತು ವೈಜನಾಥರು ತನಿಖೆ ಆರಂಭಿಸಿದರು. ಸಂಶಯದಲ್ಲಿ ಪಳಗಿದ ಬುದ್ಧಿ, ಸುಮ್ಮನಿರುತ್ತದೆಯೇ? ಆ ಕಡೆಯ ಮನುಷ್ಯನಿಗೆ ಒಂದೊಂದು ಮಾತೂ ಎರಡೆರಡು ಸಲ ಹೇಳಬೇಕು, ಅಂದರೆ ಕಿವಿ ಮಂದ, ಅಂದರೆ ವಯಸ್ಸಾದವನು. ಆಕೆ ಆಡುತ್ತಿದ್ದುದು ಪುಸ್ತಕದ ಕನ್ನಡ; ಅಂದರೆ ಅವನು ಈ ಕಡೆಯವನಲ್ಲ. ಇಷ್ಟು ಮರ್ಯಾದೆಯಿಂದ ಮಾತಾಡುತ್ತಾರೆಂದರೆ ದೊಡ್ಡ ಮನುಷ್ಯ. (ತಮ್ಮೊಡನೆ ಆಕೆ ಆಡುವ ಮಾತು “ಏನ್ ಬೇಕು?” ಎಂಬಲ್ಲಿ ಸುರುವಾಗಿ ಅಲ್ಲೇ ಮುಗಿಯುತ್ತಿತ್ತು.) ಒಟ್ಟಿನಲ್ಲಿ, ವಯೋವೃದ್ಧ, ಕನ್ನಡಿಗ, ಗೌರವಸ್ಥ. ಆದರೆ ಯಾರು?

ಆಕೆ ಮಲಗಿದಾಗ ಫೋನು ತೆಗೆದು ನೋಡಿದರು. ಪರದೆಯ ತುಂಬ ಕನ್ನಡ. ವೈಜನಾಥರು ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಓದಿದ್ದು ಮರಾಠಿ. ಕನ್ನಡದ ಅಕ್ಷರಗಳು ಅವರಿಗೆ ಎಣ್ಣೆಗೆ ಬಿಟ್ಟ ಚಕ್ಕಲಿಯಂತೆ ಕಂಡವು. ಸಾಕ್ಷ್ಯ ಕೈಯಲ್ಲೇ ಇದೆ, ಓದಲು ಬರುವುದಿಲ್ಲ. ಓದಿ ಹೇಳಬಲ್ಲವರು ಮನೆಯಲ್ಲಿ ಒಬ್ಬರೇ, ಅವರೇ ಆರೋಪಿ.

ಮರುದಿನ ಹಿತ್ತಲಿನಲ್ಲಿ ಕಸ್ತೂರಬಾಯಿ ಪ್ರಣಿತಾಳೊಡನೆ ಫೋನಿನಲ್ಲಿ ಹೇಳುತ್ತಿದ್ದುದು ಕಿವಿಗೆ ಬಿತ್ತು.

“ಮಂತ್ರಾಲಯದ್ದು ಅಮಾಸಿ ಒಳಗ ಮುಗಸ್ತೀನವಾ. ನಿಮ್ಮ ಕಾಕಾಗ ಮಾತ್ರ ತಿಳೀಬಾರದು ನೋಡು.”

ಮಂತ್ರಾಲಯ. ಮಹಾರಾಷ್ಟ್ರದವನಿಗೆ ಮಂತ್ರಾಲಯವೆಂದರೆ ಮುಂಬೈಯ ಆ ದೊಡ್ಡ ಕಟ್ಟಡ, ಮಂತ್ರಿಗಳು ಕೂಡುವ ಜಾಗ. ಸೋಯಾ ಚೀಲದ ನಡುವೆ ಕೂತ ಹೆಂಗಸಿಗೆ ಅಲ್ಲೇನು ಕೆಲಸ? ಆಮೇಲೆ ಹೊಳೆಯಿತು: ಹೆಂಡತಿ ಆಳಂದದವಳು. ಕರ್ನಾಟಕದವರಿಗೆ ಮಂತ್ರಾಲಯವೆಂದರೆ ತುಂಗಭದ್ರೆಯ ದಂಡೆ, ರಾಯರ ಬೃಂದಾವನ. ಅಲ್ಲಿ ಜನ ಸೇವೆಗೆ ಕೂಡುತ್ತಾರೆ. ಮನೆಯಲ್ಲಿ ತೀರದ ಕಾಟ ಇದ್ದವರು ಹೋಗಿ ಉಳಿಯುತ್ತಾರೆ. ಕಸ್ತೂರಬಾಯಿಗೆ ಏನು ಕಾಟ? ಮಕ್ಕಳು ನೆಟ್ಟಗಿದ್ದಾರೆ. ಎಮ್ಮೆ ಹಾಲು ಕೊಡುತ್ತದೆ. ಅತ್ತೆ ತೀರಿಕೊಂಡು ಎಷ್ಟೋ ಕಾಲವಾಯಿತು. ಎಲ್ಲವನ್ನೂ ಒಂದೊಂದಾಗಿ ಬಿಡುತ್ತ ಬಂದಾಗ ಮನೆಯಲ್ಲಿ ಕಾಟವಾಗಿ ಉಳಿದದ್ದು ಒಂದೇ ವಸ್ತು, ಅದು ಕಟ್ಟೆಯ ಮೇಲೆ ಕೂತು ಯೋಚಿಸುತ್ತಿತ್ತು.

(ದಿಲ್ಲಿಯಲ್ಲಿ ಇನ್ನೊಂದು ಮಂತ್ರಾಲಯ ಇರಬಹುದೆಂಬುದು ಅವರ ಸಂಶಯಕ್ಕೂ ನಿಲುಕಲಿಲ್ಲ.)

ಕೂಡಲೇ ಬಸ್‌ಸ್ಟ್ಯಾಂಡಿಗೆ ಹೋಗಿ ಮಂತ್ರಾಲಯದ ಗಾಡಿ ಎಷ್ಟು ಗಂಟೆಗೆ ಎಂದು ವಿಚಾರಿಸಿದರು. ಕಿಟಕಿಯೊಳಗಿನವನು ತಲೆ ಎತ್ತದೆ, ಮುಂಬೈಚೀ ಗಾಡೀ ಸಂಧ್ಯಾಕಾಳೀ, ಮುಂಬೈ ಗಾಡಿ ಸಂಜೆಗೆ, ಅಂದ. ಮುಂಬೈಯಲ್ಲಪ್ಪಾ, ರಾಯರ ಮಂತ್ರಾಲಯ ಅಂದರು. ಯಾವ ರಾಯರು, ಎಮ್ಮೆಲ್ಲೆಯೋ ಮಂತ್ರಿಯೋ ಎಂದು ಅವನು ಕೇಳಿದ. ಅಲ್ಲಿಂದ ಓಣಿಯ ರಾಚಯ್ಯ ಸ್ವಾಮಿಗಳ ಮನೆಗೆ ಬಂದರು. ರಾಚಯ್ಯನವರು ಇವರ ಮನೆತನದ ಜಂಗಮರು. ಹುಟ್ಟಿದವರಿಗೆ ಲಿಂಗ ಕಟ್ಟುವುದರಿಂದ ಹಿಡಿದು ಹೊಸ ಟ್ರ್ಯಾಕ್ಟರಿನ ಪೂಜೆಯವರೆಗೆ ಎಲ್ಲಕ್ಕೂ ಬೇಕು. ಹೆಸರು ಹೇಳದೆ, ಯಾರೋ ಒಬ್ಬರ ಹೆಂಡತಿ ಗಂಡನನ್ನು ಬಿಟ್ಟು ಮಂತ್ರಾಲಯಕ್ಕೆ ಹೋಗಿ ಇರುತ್ತೇನೆ ಅಂದರೆ ಏನು ಮಾಡಬೇಕು ಎಂದು ಕೇಳಿದರು.

“ರಾಯರು ದೊಡ್ಡವರು, ಹೋಗಿ ಬರ್ಲಿ ಬಿಡು” ಅಂದರು ರಾಚಯ್ಯ. “ಆದ್ರ ವೈಜನಾಥಾ, ಕಸ್ತೂರಬಾಯಿಗಿ ಅಂಥಾದ್ದೇನ್ ಮಾಡಿದಿ ನೀ?”

ಅಂದು ಊಟಕ್ಕೆ ಕೂತಾಗ ವೈಜನಾಥರು ತಮ್ಮ ಜೀವನದಲ್ಲೇ ಮೊದಲ ಸಲ ಪಲ್ಯ ಛಲೋ ಆಗಿದೆ ಎಂದರು. ಕಸ್ತೂರಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

“ಯಾಕ್ರೀ, ಮೈಯಾಗ ನೆಟ್ಟಗ ಅದ ಇಲ್ಲ?”

“ನಂಗೇನ್ ಆಗ್ಯಾದ. ನಿಂಗೇನರೆ ಬೇಕೇನು? ಎಲ್ಲೆರೆ ಹೋಗಬೇಕಂತ ಅನಸ್ತದೇನು? ನಿಲಂಗಾದಾಗ ನಿನ್ನ ಅಕ್ಕನ ಮನಿಗಿ ಹೋಗೂಣು. ನೀ ಕಿಟಕಿ ಕಡಿ ಕೂಡು.”

ಕಸ್ತೂರಬಾಯಿ ಗಂಡನ ಮುಖವನ್ನೇ ನೋಡಿದರು. ಈಗ ಸಂಶಯ ಒಲೆಯ ಆ ಕಡೆಗೂ ಹತ್ತಿತು. ಈ ಮನುಷ್ಯ ಏನೋ ಮುಚ್ಚಿಡುತ್ತಿದ್ದಾನೆ. ಹೊಲ ಮಾರಿ ಬಂದನೋ, ದವಾಖಾನೆಯವರು ಏನಾದರೂ ಹೇಳಿದರೋ. ಆ ರಾತ್ರಿ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ, ನೋಡುತ್ತಿಲ್ಲವೆಂದು ತೋರಿಸುತ್ತ ಮಲಗಿದರು.

ಅಮಾವಾಸ್ಯೆ ಸಮೀಪಿಸಿತು. ವೈಜನಾಥರು ಹೊಲಕ್ಕೆ ಹೋಗುವಂತೆ ಹೋಗಿ, ಓಣಿ ಸುತ್ತಿ ಬಂದು, ಚಪ್ಪಲಿ ಕೈಯಲ್ಲಿ ಹಿಡಿದು ಚೀಲದ ಕೋಣೆಯ ಬಾಗಿಲಿಗೆ ನಿಂತರು. ಒಳಗೆ ದನಿ ಎಂದಿಗಿಂತ ಸ್ಪಷ್ಟವಾಗಿತ್ತು.

“ನನಗೆ ಹೋಗುವ ಟಿಕೀಟು ಮಾತ್ರ ಸಾಕು. ಮರಳಿ ಬರುವ ಟಿಕೀಟು ಬೇಡ.”

ವೈಜನಾಥರು ಬಾಗಿಲು ನೂಕಿದರು. ಮೇಲಿನ ಚೀಲವೊಂದು ಉರುಳಿತು. ಕೌದಿ ಅಲುಗಿತು. ಅದರ ಸಂದಿಯಿಂದ ಫೋನಿನ ಬೆಳಕು ಕಂಡದ್ದೇ ತಡ, ಹೆಂಡತಿಯನ್ನು ಬಿಟ್ಟು ನೇರ ಫೋನಿಗೇ ಮಾತಾಡಿದರು.

“ಏ ಮಾರಾಯಾ, ನೀ ಯಾರರೆ ಇರು. ಸ್ವಾಮಿ ಇರು, ಸಾಹೇಬ ಇರು. ಈ ಮನ್ಯಾಗ ಚಹಾಕ್ಕ ಸಕ್ರಿ ಎಷ್ಟ ಹಾಕಬೇಕಂತ ನಂಗೊತ್ತಿಲ್ಲ. ನನ್ನ ಗುಳಿಗಿ ಯಾವ ಡಬ್ಬ್ಯಾಗ ಅವ ಅಂತ ನಂಗೊತ್ತಿಲ್ಲ. ಎಲ್ಲಾ ಆಕಿಗೇ ಗೊತ್ತದ. ಆಕಿ ಹೋದಳಂದ್ರ ನಾ ಈ ಚೀಲದಂಗ ಹುಳಾ ಹತ್ತಿ ಬಿದ್ದಿರ್ತೀನಿ. ಆಕಿ ಇಲ್ಲದ ಮನಿ ನಂಗ ಬ್ಯಾಡ. ಹೊಲಾನೂ ಬ್ಯಾಡ. ಕಿಟಕಿ ಸೀಟು ಇನ್ನ ಮುಂದ ಆಕಿದೇ. ಸಾಯೂತನಾ ಆಕಿದೇ. ಫೋನ ಇಡು ನೀ.”

ಹೊರಗೆ ಉಳ್ಳಾಗಡ್ಡಿ ಮಾರುವ ಟೆಂಪೋ ಧ್ವನಿವರ್ಧಕದ ಭೋಂಗಾ ಹಚ್ಚಿಕೊಂಡು ಹಾದುಹೋಯಿತು. ಕೌದಿಯೊಳಗಿಂದ ಕಸ್ತೂರಬಾಯಿ ಹೊರಬಂದರು. ಮುಖ ಕೆಂಪಾಗಿತ್ತು, ಸೆಕೆಯಿಂದಲೋ ನಗೆಯಿಂದಲೋ ಹೇಳಲಾಗದು.

“ಅದ್ರಾಗ ಯಾರೂ ಇಲ್ಲರೀ. ಸರ್ಕಾರ ಅದ.”

ಆಮೇಲೆ ಎಲ್ಲ ಬಿಡಿಸಿ ಹೇಳಿದರು: ದಿಲ್ಲಿ, ದನಿ, ಪ್ರಣಿತಾ, ಪರದೆಯ ಮೇಲಿನ ವಾಕ್ಯ, ಮೂರನೆಯ ಮಂತ್ರಾಲಯ. ವೈಜನಾಥರು ಉರುಳಿದ ಚೀಲದ ಮೇಲೆ ಕೂತು ಕೇಳಿದರು. ಹೆಂಡತಿ ಎಲ್ಲಿಗೂ ಹೋಗುವುದಿಲ್ಲ ಎಂದು ತಿಳಿದು ಪ್ರಾಣ ಮರಳಿ ಬಂತು; ತಾವು ಆಡಿದ್ದು ನೆನಪಾಗಿ ಮರ್ಯಾದೆ ಹೋಯಿತು. ಅಂಥ ಮಾತನ್ನು ಅವರ ಮನೆತನದಲ್ಲಿ ಯಾವ ಗಂಡಸೂ ಹೆಂಡತಿಯೆದುರು ಆಡಿದ್ದಿಲ್ಲ. ಭಾರತ ಸರ್ಕಾರದ ಎದುರು ಆಡಿದ್ದಂತೂ ಇಲ್ಲವೇ ಇಲ್ಲ.

“ಅದೂ ಹೋತೇನು?”

“ಗುಂಡಿ ಒತ್ತಿದ್ದೆ, ಹೋತು.”

ಎರಡು ದಿನ ವೈಜನಾಥರು ತಲೆ ತಗ್ಗಿಸಿ ಓಡಾಡಿದರು. ಮೂರನೆಯ ದಿನ ಸಂಜೆ ಕಸ್ತೂರಬಾಯಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ, ಪ್ರಣಿತಾ ಫೋನು ಮಾಡಿದ್ದಳು ಎಂದರು. ಮಾವಶಿ ಓದಿದ್ದೆಲ್ಲ ಸಾಲಿಯ ಹುಡುಗಿ ಓದಿದಂತಿದೆಯಂತೆ. ಕಾಕಾ ಮಾತಾಡಿದ್ದು ಮಾತ್ರ ಖರೇ ಈ ಗಡಿಯ ಕನ್ನಡ, ಇಂಥದ್ದೇ ಬೇಕಾಗಿತ್ತು ಅಂದಳಂತೆ. ವೈಜನಾಥರ ಬೆನ್ನು ತಾನಾಗಿಯೇ ನೆಟ್ಟಗಾಯಿತು.

“ಆದ್ರ ಒಂದ ಮಾತಿನ ಮ್ಯಾಲ ಉಳ್ಳಾಗಡ್ಡಿ ಭೋಂಗಾ ಬಿದ್ದದಂತ. ಅದೊಂದು ಮತ್ತೊಮ್ಮೆ ಅನ್ನಬೇಕಂತ.”

“ಯಾವ ಮಾತು?”

“ನೀವೇ ಅಂದದ್ದು, ನನ್ನ ಬಾಯಿಲೆ ಎದಕ್ಕ ಅನಸ್ತೀರಿ? ಮನಿದು.”

ವೈಜನಾಥರು ಆ ಕಡೆ ಈ ಕಡೆ ನೋಡಿದರು. ದೇಶದ ಕೆಲಸ. ಗೋಡೆಯ ಕಡೆ ತಿರುಗಿ, ಆಕಿ ಇಲ್ಲದ ಮನಿ ನಂಗ ಬ್ಯಾಡ ಎಂದು ಒಂದೇ ಉಸಿರಿನಲ್ಲಿ ಒದರಿದರು.

“ಓಡಸಬ್ಯಾಡ್ರಿ. ತಿಳೀಬೇಕಲ್ಲ ಅವರಿಗಿ.”

ನಿಧಾನವಾಗಿ ಅಂದರು.

“ಗ್ವಾಡಿಗಿ ಯಾಕ ಹೇಳ್ತೀರಿ? ಈ ಕಡಿ ಮಾರಿ ಮಾಡ್ರಿ.”

ಈ ಕಡೆ ತಿರುಗಿದರು. ಗಂಟಲು ಸರಿಮಾಡಿಕೊಂಡು, ಹೆಂಡತಿಯ ಮುಖ ನೋಡುತ್ತ, ಒಂದೊಂದು ಶಬ್ದವನ್ನೂ ಬಿಡಿಬಿಡಿಯಾಗಿ ಅಂದರು. ಕಸ್ತೂರಬಾಯಿಯ ಕೈಯಲ್ಲಿ ಶೇಂಗಾ ಹಾಗೇ ನಿಂತಿತು. ಆಮೇಲೆ ಅದನ್ನು ಸುಲಿದು, ಕಾಳನ್ನು ಗಂಡನ ಅಂಗೈಯಲ್ಲಿ ಹಾಕಿದರು.

“ಈಗ ಛಂದ ಆತು.”

“ಹೋತೇನು ದಿಲ್ಲಿಗಿ?”

“ಹ್ಯಾಂಗ ಹೋಗ್ತದರೀ? ಫೋನ ಒಳಗಿನ ಕೋಣ್ಯಾಗ ಚಾರ್ಜಿಗಿ ಹಚ್ಚೀನಿ.”