ದುಬಾಯಿಯ ಕಾರು, ಸಿದ್ಧಕಟ್ಟೆಯ ಗೇಣಿ

ಒಂದು ವಿಷಯವನ್ನು ಪಾಠ ಮಾಡುವವನಿಗೆ ಆ ವಿಷಯ ಅರ್ಥವಾಗಿರುತ್ತದೆ ಎಂದು ಜನ ಯಾಕೆ ನಂಬುತ್ತಾರೋ ನನಗೆ ತಿಳಿಯದು. ನಾನು ಮೂಡುಬಿದಿರೆಯ ಕಾಲೇಜೊಂದರಲ್ಲಿ ಕಾಮರ್ಸ್ ಮೇಷ್ಟ್ರು. ಲೀಸಿಂಗ್ ಎಂಬ ಅಧ್ಯಾಯವನ್ನು ವರ್ಷಕ್ಕೊಮ್ಮೆ ಪಾಠ ಮಾಡಿ ಮುಗಿಸುತ್ತೇನೆ. ನಾನು ಹೇಳಿದ್ದನ್ನು ಮಕ್ಕಳು ಬರೆದುಕೊಳ್ಳುತ್ತಾರೆ, ಬರೆದುಕೊಂಡದ್ದನ್ನು ಪರೀಕ್ಷೆಯಲ್ಲಿ ನನಗೇ ಹಿಂದಿರುಗಿಸುತ್ತಾರೆ, ನಾನು ಅಂಕ ಕೊಡುತ್ತೇನೆ. ಈ ವ್ಯವಹಾರದಲ್ಲಿ ಯಾರಿಗಾದರೂ ಏನಾದರೂ ಅರ್ಥವಾಗಬೇಕಾದ ಅಗತ್ಯ ಎಂದೂ ಬಿದ್ದಿರಲಿಲ್ಲ. ಸ್ವಂತ ವಾಹನವೆಂದರೆ ನನ್ನಲ್ಲಿರುವುದು ಒಂದು ಸೈಕಲ್ಲು. ಅದೂ ಮಳೆಗಾಲದಲ್ಲಿ ತಾನಾಗಿಯೇ ರಜೆ ಹಾಕುತ್ತದೆ. ಇಂಥ ನನ್ನ ಹತ್ತಿರ ಬಂದು, ಬಾಣದಂತೆ ಹೋಗುವ ಒಂದು ಐಷಾರಾಮಿ ಕಾರನ್ನು ಲೀಸಿಗೆ ತೆಗೆದುಕೊಳ್ಳುವುದು ಲಾಭವೋ, ಕ್ರಯಕ್ಕೆ ಕೊಳ್ಳುವುದು ಲಾಭವೋ ಎಂದು ಕೇಳಿದವರು ಹಮೀದಾಕ.

ಹಮೀದಾಕ ನಮ್ಮ ಮನೆಯ ಧಣಿ. ಸಿದ್ಧಕಟ್ಟೆಯಲ್ಲಿ ಅವರ ಹಂಚಿನ ಮನೆಯೊಂದರಲ್ಲಿ ನಾವು ಬಾಡಿಗೆಗಿದ್ದೇವೆ. ನನ್ನ ಮಗಳು ಹುಟ್ಟಿದ್ದು, ಬೆಳೆದದ್ದು, ಶಾಲೆಗೆ ಸೇರಿದ್ದು ಎಲ್ಲ ಆ ಮನೆಯಿಂದಲೇ. ಅವರು ದುಬಾಯಿಯಲ್ಲಿ ಟೈಲ್ಸ್ ವ್ಯಾಪಾರದಲ್ಲಿದ್ದಾರೆ. ಮೊಬೈಲಿನಲ್ಲಿ ಮಾತಾಡಲು ಬಾವಿಕಟ್ಟೆಯ ಮೇಲೆ ಹತ್ತಿ ನಿಲ್ಲಬೇಕಾದ ಈ ಊರಿಗೆ ರಜೆಯಲ್ಲಿ ಬಂದವರು ಒಂದು ಸಂಜೆ ನಮ್ಮ ಜಗಲಿಯಲ್ಲಿ ಕೂತು, ನುಣುಪು ಕಾಗದದ ಒಂದು ಪುಸ್ತಿಕೆಯನ್ನು ಬಿಡಿಸಿದರು. ಒಳಗೆ ಒಂದು ಕೆಂಪು ಕಾರು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಮಲಗಿತ್ತು.

“ಮಾಸ್ಟ್ರೇ, ನಿಂತಲ್ಲಿಂದ ನೂರು ಕಿಲೋಮೀಟರ್ ಸ್ಪೀಡಿಗೆ ಹೋಗ್ಲಿಕ್ಕೆ ಐದೇ ಸೆಕೆಂಡು! ಎಂತ ಹೇಳ್ತೀರಿ?”

ನಾನು ಏನು ಹೇಳಲಿ? ನಾನು ದಿನಾ ಹತ್ತುವ ಬಸ್ಸು ಐದು ಸೆಕೆಂಡಿನಲ್ಲಿ ಒಮ್ಮೆ ನಡುಗಬಲ್ಲದು, ಅಷ್ಟೆ. ಹೊರಟ ಮೇಲೂ ಯಾರದೋ ಹಲಸಿನ ಹಣ್ಣಿಗಾಗಿ ಮತ್ತೆ ನಿಲ್ಲುತ್ತದೆ. “ಅಷ್ಟು ಬೇಗ ಹೋಗಿ ಎಂತ ಮಾಡ್ಲಿಕ್ಕುಂಟು ಹಮೀದಾಕ?” ಎಂದೆ.

“ಬೇಗ ಹೋಗ್ಲಿಕ್ಕಲ್ಲ ಮಾರಾಯ್ರೆ. ಇಷ್ಟು ವರ್ಷ ಟೈಲ್ಸಿನ ಪಿಕಪ್ಪಿನಲ್ಲೇ ತಿರುಗಿದ್ದೇನೆ. ದೊಡ್ಡ ಹೋಟೆಲಿನ ಎದುರು ಇಳಿದರೆ ಕಾವಲಿನವ ಹಿಂದಿನ ಗೇಟು ತೋರಿಸ್ತಾನೆ. ಒಮ್ಮೆ ಎದುರಿನ ಗೇಟಿನಲ್ಲಿ ಇಳಿಯಬೇಕು ಅಂತ ಆಸೆ. ನೀವು ಲೆಕ್ಕ ಕಲಿಸುವವರು. ನೀವು ಹೇಳಿದ ಹಾಗೆ ಮಾಡ್ತೇನೆ.”

ನನಗೆ ಪಾಪ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯೂ ಅನ್ನಿಸಿತು. ನಾಳೆ ಹೇಳುತ್ತೇನೆ ಎಂದುಬಿಟ್ಟೆ.

ಕಾಗದದ ನಡುವೆ ಗೆರೆ ಎಳೆದು, ಎಡಕ್ಕೆ ಕ್ರಯ, ಬಲಕ್ಕೆ ಲೀಸು ಎಂದು ಬರೆಯುವವರೆಗೆ ಎಲ್ಲ ಸುಗಮವಾಗಿತ್ತು. ಆಮೇಲೆ ದಿರ್ಹಮನ್ನು ರೂಪಾಯಿ ಮಾಡಬೇಕೋ, ರೂಪಾಯಿಯನ್ನು ದಿರ್ಹಮ್ ಮಾಡಬೇಕೋ ಎಂಬಲ್ಲಿ ಸಿಕ್ಕಿಬಿದ್ದೆ. ಬಡ್ಡಿ ಉಂಟು, ವಿಮೆ ಉಂಟು, ಮುಂಗಡ ಉಂಟು, ಕಡೆಯಲ್ಲಿ ಶೇಷ ಮೌಲ್ಯ ಎಂಬುದೊಂದು ಉಂಟು. ಲೀಸಿನ ಕಾರನ್ನು ವರ್ಷಕ್ಕೆ ಇಂತಿಷ್ಟೇ ಕಿಲೋಮೀಟರ್ ಓಡಿಸಬೇಕಂತೆ. ಹೆಚ್ಚು ಓಡಿಸಿದರೆ ದಂಡ. ಓಡುವುದಕ್ಕೆಂದೇ ಹುಟ್ಟಿದ ಕಾರನ್ನು ಓಡಿಸಿದ್ದಕ್ಕೆ ದಂಡ ಯಾಕೆ ಎಂಬುದು ನಾನು ಕಲಿಸುವ ಪುಸ್ತಕದಲ್ಲಿರಲಿಲ್ಲ. ಮೊದಲ ಸಲ ಲೆಕ್ಕ ಹಾಕಿದಾಗ ಕ್ರಯ ಲಾಭವೆಂದು ಬಂತು. ಎರಡನೆಯ ಸಲ ಲೀಸು. ಮೂರನೆಯ ಸಲ, ಕಾರಿನ ಕಂಪೆನಿಯವರೇ ಹಮೀದಾಕನಿಗೆ ತಿಂಗಳು ತಿಂಗಳು ದುಡ್ಡು ಕೊಡಬೇಕೆಂದು ಬಂತು. ಆ ಉತ್ತರ ನನಗೆ ತುಂಬ ಇಷ್ಟವಾಗಿತ್ತು, ಆದರೆ ಹೇಳುವ ಧೈರ್ಯ ಸಾಲಲಿಲ್ಲ.

ಇದೇ ಹೊತ್ತಿಗೆ ವೇಣೂರಿನಿಂದ ನನ್ನ ಮಾವ, ಎಂದರೆ ಹೆಂಡತಿಯ ಅಪ್ಪ, ಬಂದಿದ್ದರು. ಮಗಳ ಬಸಳೆ ಚಪ್ಪರವನ್ನು ನೋಡಿ, ಅದರ ಒಂದು ಕಂಬ ಸರಿ ಇಲ್ಲವೆಂದು ತೀರ್ಪು ಕೊಟ್ಟು ಬಂದವರು ನನ್ನ ಎದುರು ಕೂತರು.

“ಲೀಸು ಅಂದ್ರೆ ನಮ್ಮ ಗೇಣಿಯೇ ಅಲ್ವಾ? ಚಾಲಗೇಣಿಯಾ ಮೂಲಗೇಣಿಯಾ?”

ಮಾವ ಹಿಂದೆ ಗೇಣಿಗೆ ಗದ್ದೆ ಮಾಡಿದವರು. ಚಾಲಗೇಣಿಯೆಂದರೆ ಧಣಿ ಬೇಡವೆಂದ ದಿನ ಏಳಬೇಕು; ಮೂಲಗೇಣಿಯೆಂದರೆ ಮಕ್ಕಳು ಮೊಮ್ಮಕ್ಕಳವರೆಗೂ ಕೂತಿರಬಹುದು. ಉಳುವವನಿಗೇ ಭೂಮಿ ಎಂಬ ಭೂಮಸೂದೆ ಬಂದಾಗ, ಗದ್ದೆ ಮಾಡುವವನು ನಾನೇ ಎಂದು ಡಿಕ್ಲರೇಶನ್ ಕೊಟ್ಟು, ಅವರು ಗದ್ದೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದರು. ಅಂದಿನಿಂದ ಜಗತ್ತಿನ ಎಲ್ಲ ಗೇಣಿಯೂ ಅಲ್ಲಿಗೇ ಹೋಗಿ ಮುಟ್ಟುತ್ತದೆಂದು ಅವರ ನಂಬಿಕೆ. ಕಾರನ್ನು ಮೂರು ವರ್ಷದ ನಂತರ ಹಿಂದೆ ಕೊಡಬೇಕು ಎಂದು ನಾನು ವಿವರಿಸಿದೆ.

“ಯಾಕೆ ಕೊಡುವುದು? ಓಡಿಸಿದ್ದು ಯಾರು? ಹಮೀದ್. ಗೇಣಿ ರಶೀದಿ ಎಲ್ಲ ಜೋಪಾನ ಮಾಡ್ಲಿಕ್ಕೆ ಹೇಳಿ. ಒಂದು ಡಿಕ್ಲರೇಶನ್ ಕೊಟ್ರೆ ಕಾರು ಅವನದ್ದೇ.”

ದುಬಾಯಿಯಲ್ಲಿ ಹಾಗಿಲ್ಲ ಎಂದೆ. ಇಲ್ಲವೆಂದು ನಿಮಗೆ ಹೇಗೆ ಗೊತ್ತು ಎಂದರು. ಹೇಗೆ ಗೊತ್ತೆಂದು ನನಗೂ ಗೊತ್ತಿರಲಿಲ್ಲ. ಲೆಕ್ಕ ಮೊದಲೇ ಕೆಟ್ಟಿತ್ತು, ಈಗ ತಲೆಯೂ ಕೆಟ್ಟಿತು. ಮರುದಿನ ಹಮೀದಾಕ ಬಂದಾಗ ಈ ಗೊಂದಲದಿಂದ ಪಾರಾದರೆ ಸಾಕೆಂದು ಗಂಟಲು ಸರಿಮಾಡಿಕೊಂಡು ಹೇಳಿಬಿಟ್ಟೆ: “ಕ್ರಯಕ್ಕೇ ತೆಗೊಳ್ಳಿ. ಸ್ವಂತದ್ದು ಸ್ವಂತದ್ದೇ. ಬಾಡಿಗೆ ಕಟ್ಟಿ ಕಟ್ಟಿ ಕಡೆಗೆ ಕೈಯಲ್ಲಿ ಎಂತ ಉಳೀತದೆ? ಗಾಳಿ!”

ಹಮೀದಾಕನ ಮುಖ ಅರಳಿತು. “ನನ್ನ ಮನಸ್ಸಲ್ಲೂ ಅದೇ ಇತ್ತು ಮಾಸ್ಟ್ರೇ. ಮುಂಗಡಕ್ಕೆ ಈ ಮನೆ ಮಾರಿಬಿಡುವ ಅಂತ. ಬಂಟ್ವಾಳದ ಒಂದು ಪಾರ್ಟಿ ರೆಡಿ ಉಂಟು. ನಿಮಗೆ ಹೇಗೆ ಹೇಳುವುದು ಅಂತ ಇದ್ದೆ. ನೀವೇ ಹೇಳಿದಿರಿ, ಒಳ್ಳೆದಾಯ್ತು.”

ಚಹಾ ತರುತ್ತಿದ್ದ ನನ್ನ ಹೆಂಡತಿ ವಿಮಲ ಬಾಗಿಲಲ್ಲೇ ನಿಂತಳು. ಅವಳು ಹಮೀದಾಕನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಆ ನೋಟದಲ್ಲಿ ಬೇಸಗೆಯಲ್ಲೂ ಬತ್ತದ ಬಾವಿ ಇತ್ತು, ಬಸಳೆ ಚಪ್ಪರ ಇತ್ತು, ಗಂಟೆ ಹೊಡೆದ ಮೇಲೆ ಹೊರಟರೂ ಮುಟ್ಟಬಹುದಾದ ಮಗಳ ಶಾಲೆ ಇತ್ತು. ನನಗೆ ನಿಜವಾಗಿಯೂ ಭಯವಾಯಿತು.

“ಸ್ವಲ್ಪ ತಡೆಯಿರಿ,” ಎಂದೆ, “ಒಂದು ಅಂಶ ಬಿಟ್ಟುಹೋಗಿದೆ. ಸವಕಳಿ!”

ಆಮೇಲೆ ನಾನು ಮಾಡಿದಂಥ ಪಾಠವನ್ನು ನನ್ನ ಯಾವ ವಿದ್ಯಾರ್ಥಿಯೂ ಕೇಳಿರಲಾರ. ಹೊಸ ಕಾರು ಅಂಗಡಿಯ ಗೇಟು ದಾಟಿದ ಕೂಡಲೇ ಬೆಲೆ ಕಳೆದುಕೊಳ್ಳುತ್ತದೆ ಎಂದೆ. ಲೀಸಿನಲ್ಲಾದರೆ ರಿಪೇರಿ ಅವರದ್ದು, ತಲೆನೋವು ಅವರದ್ದು, ಎದುರಿನ ಗೇಟಿನಲ್ಲಿ ಇಳಿಯುವ ಗೌರವ ಮಾತ್ರ ನಿಮ್ಮದು ಎಂದೆ. ನಮ್ಮದಲ್ಲದ ವಸ್ತುವಿನಲ್ಲಿ ಕೂತವನಿಗೆ ಬರುವಷ್ಟು ಒಳ್ಳೆಯ ನಿದ್ದೆ ಯಾರಿಗೂ ಬರುವುದಿಲ್ಲ ಎಂದೆ. ಹೇಳುತ್ತಾ ಹೇಳುತ್ತಾ ಲೀಸಿಂಗ್ ಅಧ್ಯಾಯ ನನಗೇ ಅರ್ಥವಾಗತೊಡಗಿತು. ಎಲ್ಲ ಸರಿಯಾಗಿ ನಡೆಯುತ್ತಿರುವಾಗ ಒಳಗಿನಿಂದ ಮಾವನ ಧ್ವನಿ ಬಂತು: “ಅಷ್ಟೆಲ್ಲ ಯಾಕೆ? ಇಷ್ಟು ವರ್ಷದಿಂದ ಕೂತಿದ್ದೀರಿ, ಒಂದು ಡಿಕ್ಲರೇಶನ್ ಕೊಟ್ಟುಬಿಡಿ!”

“ಅವರು ಕಾರಿನ ವಿಷಯ ಹೇಳುವುದು,” ಎಂದೆ ತಕ್ಷಣ. ಮಾವ ಹೇಳಿದ್ದು ಕಾರಿನ ವಿಷಯವೋ ಮನೆಯ ವಿಷಯವೋ ಎಂದು ಕೇಳಲು ನನಗೆ ಇವತ್ತಿನವರೆಗೂ ಧೈರ್ಯ ಬಂದಿಲ್ಲ.

ಹಮೀದಾಕ ಚಹಾ ಕುಡಿದು, ನಮ್ಮ ಹಂಚಿನ ಮಾಡನ್ನು, ಗೋಡೆಯನ್ನು, ಕಡೆಗೆ ನನ್ನನ್ನು ನಿಧಾನವಾಗಿ ನೋಡಿದರು. “ನೀವು ಹೇಳುವುದು ಸರಿ ಉಂಟು. ಇಷ್ಟು ವರ್ಷ ಬಾಡಿಗೆಯಲ್ಲಿದ್ದೀರಿ, ಗಟ್ಟಿಮುಟ್ಟಾಗಿಯೇ ಇದ್ದೀರಿ. ನಾನೂ ಲೀಸಿಗೇ ತೆಗೊಳ್ತೇನೆ. ಮನೆ ಮಾರುವುದಿಲ್ಲ.” ವಿಮಲ ಒಳಗೆ ಹೋಗಿ, ಮಗಳಿಗೆಂದು ಎತ್ತಿಟ್ಟಿದ್ದ ಚಕ್ಕುಲಿಯನ್ನು ಡಬ್ಬಿ ಸಮೇತ ತಂದಿಟ್ಟಳು. ಹಮೀದಾಕ ಒಂದು ಚಕ್ಕುಲಿ ಮುರಿದು ಮುಂದುವರಿಸಿದರು: “ಆದರೆ ತಿಂಗಳು ತಿಂಗಳು ಕಾರಿನ ಕಂತು ಕಟ್ಟಬೇಕಲ್ಲ? ಈ ಮನೆಯ ಬಾಡಿಗೆ ಸ್ವಲ್ಪ ಏರಿಸುವ, ಆಗದಾ? ಎಷ್ಟು ಅಂತ ನೀವೇ ಲೆಕ್ಕ ಮಾಡಿ ಹೇಳಿ.”

ಮಾಡಿದೆ. ಆ ಲೆಕ್ಕ ಮಾತ್ರ ಮೊದಲ ಸಲಕ್ಕೇ ಸರಿಯಾಗಿ ಬಂತು.

ಈಗ ಮೂಡುಬಿದಿರೆಯ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಯಾರದೋ ಹಲಸಿನ ಹಣ್ಣು ಹಿಡಿದು ನಿಂತಿರುವಾಗ, ದುಬಾಯಿಯ ಯಾವುದೋ ದೊಡ್ಡ ಹೋಟೆಲಿನ ಎದುರಿನ ಗೇಟಿನಲ್ಲಿ ಒಂದು ಕೆಂಪು ಕಾರು ನಿಲ್ಲುತ್ತಿರಬಹುದೆಂದು ಅನ್ನಿಸುತ್ತದೆ. ಅದರ ಒಂದು ಚಕ್ರ, ಹೋಗಲಿ, ಒಂದು ವೈಪರಾದರೂ ನನ್ನ ಸಂಬಳದಲ್ಲಿ ತಿರುಗುತ್ತಿದೆ. ಮಾವ ಹೇಳಿದಂತೆ ಬಾಡಿಗೆಯ ರಶೀದಿಗಳನ್ನೆಲ್ಲ ಜೋಪಾನ ಮಾಡಿಟ್ಟಿದ್ದೇನೆ. ಡಿಕ್ಲರೇಶನ್ ಕೊಡುವುದಾದರೆ ಮನೆಗೆ ಕೊಡಬೇಕೋ ವೈಪರಿಗೆ ಕೊಡಬೇಕೋ ಎಂಬುದೊಂದೇ ನನಗಿನ್ನೂ ತಿಳಿಯುತ್ತಿಲ್ಲ.