ವಾಮದೇವಪ್ಪನವರ ಬೇರಿಂಗ್ ಪ್ರತಾಪ

“ಇನ್ನು ಮುಂದೆ ಈ ಭೂಮಂಡಲದಾಗ ನನ್ನ ಮೋಟಾರ್ ಸೈಕಲ್ಲಿಗೆ ಪರರ ಕೈ ಸೋಕಕೂಡದು!”

ವಾಮದೇವಪ್ಪನವರು ಹೀಗೆಂದು ಘೋಷಿಸಿದ್ದು ಬೆಳಗಿನ ಆರು ಗಂಟೆಗೆ, ದಾವಣಗೆರೆಯ ತಮ್ಮ ಮನೆಯ ಹಿತ್ತಲಿನಲ್ಲಿ, ಪಂಚೆ ಮೇಲೆ ಕಟ್ಟಿ, ಸುತ್ತಿಗೆ ಹಿಡಿದು. ಕೇಳಿಸಿಕೊಂಡವರು ಅವರ ಹೆಂಡತಿ ಉಮಾಮಹೇಶ್ವರಿ ಮತ್ತು ಎಮ್ಮೆ. ಎಮ್ಮೆ ಮೆಲುಕು ಹಾಕಿತು.

“ಇವತ್ತೇ ಯಾಕ್ರೀ? ಹನ್ನೊಂದೂವರೆಗೆ ಹರಿಹರದಾಗ ನನ್ನ ತಂಗಿ ನಿಶ್ಚಯ ಐತೆ. ಸುಮ್ನೆ ರೈಲಿಗೆ ಹೋಗಾಣ ಬರ್ರಿ.”

“ರೈಲಾ! ಹಿರೇ ಅಳಿಯ ಸ್ಟೇಷನ್ನಿಂದ ಧೂಳು ತುಳ್ಕಂತ ಬರ್ಬೇಕೇನು? ಫಟ್ ಫಟ್ ಅಂತ ಬಾಗಿಲಿಗೇ ಹೋಗಿ ಇಳೀಬೇಕು!”

ಅವರ ಹಟಕ್ಕೆ ಕಾರಣವಿತ್ತು. ಮಾವ ತೀರಿಕೊಂಡ ಮೇಲೆ ಆ ಮನೆಗೆ ಗಂಡುದಿಕ್ಕು ಇವರೇ. ಹೆಣ್ಣಿನ ಕಡೆಯ ಹಿರಿಯನಾಗಿ ಜಮಖಾನದ ಮೇಲೆ ಕೂತು, ಗಂಡಿನ ತಂದೆಯ ಜೊತೆ ವೀಳ್ಯ ಬದಲಾಯಿಸಬೇಕಾದವರೂ ಇವರೇ. ಮಿಲ್ಲಿನ ಆಫೀಸಿನಲ್ಲಿ ಹನ್ನೆರಡು ವರ್ಷ ಗುಮಾಸ್ತಿಕೆ ಮಾಡಿದರೂ ಇಂಥದೊಂದು ಆಸನ ಸಿಕ್ಕಿರಲಿಲ್ಲ. ಎರಡು ವಾರದಿಂದ ಕನ್ನಡಿಯ ಮುಂದೆ ನಿಂತು ವೀಳ್ಯ ಕೊಡುವ ಗತ್ತನ್ನು ಅಭ್ಯಾಸ ಮಾಡಿದ್ದರು, ಪಾಪ!

ಆದರೆ ಮಿಲಿಟರಿ ಹರಾಜಿನಲ್ಲಿ ಕೊಂಡ ಆ ಮೋಟಾರ್ ಸೈಕಲ್ಲಿನ ಮುಂದಿನ ಚಕ್ರ ಜೋಳ ಬೀಸಿದ ಹಾಗೆ ಗರಗರ ಅನ್ನುತ್ತಿತ್ತು. “ಬೇರಿಂಗ್ ಸವೆದ್ಹೋಗ್ಯಾವ್ರಿ, ಎರಡು ದಿನ ಗಾಡಿ ಬಿಡ್ರಿ” ಎಂದಿದ್ದ ಮೆಕ್ಯಾನಿಕ್ ಲಾಲ್ ಸಾಬ್. ಎರಡು ದಿನ! ಹಿಂದೊಮ್ಮೆ ಅವನು ಈ ಕೆಲಸ ಮಾಡುವಾಗ ವಾಮದೇವಪ್ಪನವರು ಪಕ್ಕದಲ್ಲೇ ನಿಂತು ಚಾ ಕುಡಿದಿದ್ದರು. ಕಲಿಯಲು ಇನ್ನೇನು ಬೇಕು?

ಚಕ್ರ ಬಿಚ್ಚಿದರು. ಹಳೆಯ ಬೇರಿಂಗುಗಳನ್ನು ಬಡಿದು ಉರುಳಿಸಿದರು. ಉಳಿದ ಭಾಗಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಹಿತ್ತಾಳೆ ತಟ್ಟೆಯಲ್ಲಿ ಇಟ್ಟರು. ಏಳೂವರೆ. ಪೇಟೆಯಿಂದ ತಂದಿಟ್ಟ ಹೊಸ ಬೇರಿಂಗ್ ಒಳಗೆ ಹೋಗಲೊಲ್ಲದು! ಎಂಟಾಯಿತು, ಒಂಬತ್ತಾಯಿತು. ಬೆವರು ಮೂಗಿನ ತುದಿಯಿಂದ ಸುತ್ತಿಗೆಯ ಮೇಲೆ ತೊಟ್ಟಿಕ್ಕಿತು. ಆಗ ಲಾಲ್ ಸಾಬನ ಉಪಾಯ ನೆನಪಾಯಿತು: ಚಕ್ರದ ನಡುಭಾಗಕ್ಕೆ ಕುದಿಯುವ ನೀರು ಹೊಯ್ದರೆ ಅದು ಹಿಗ್ಗಿ ದಾರಿ ಬಿಡುತ್ತದೆ.

“ಉಮಾ! ಹಂಡೆ ಉರಿ ಜೋರು ಮಾಡು!”

“ಸೌದೆ ಹಸಿ ಐತ್ರಿ! ಊದುಗೊಳವೆ ಬ್ಯಾರೆ ಒಡೆದೈತೆ!”

“ಏನಾದ್ರೂ ಮಾಡು! ಮುಹೂರ್ತ ಮೀರ್ತೈತೆ!”

ಬಚ್ಚಲಿನಲ್ಲಿ ಹೊಗೆ ತುಂಬಿತು, ಕೆಮ್ಮು ಕೇಳಿತು, ಕೊನೆಗೆ ಉರಿ ಭಗ್ಗೆಂದಿತು. ನೀರು ಹೊಯ್ದದ್ದೇ ತಡ, ಗ್ರೀಸ್ ಮೆತ್ತಿದ ಬೇರಿಂಗುಗಳು ಎರಡೂ ಕಡೆಯಿಂದ ಹೊಸ ಅಳಿಯಂದಿರ ಹಾಗೆ ಮೆಲ್ಲಗೆ ಒಳಗೆ ಕೂತವು. ಚಕ್ರ ಜೋಡಿಸಿ ನಟ್ಟನ್ನು ಮೈಬಲವೆಲ್ಲ ಹಾಕಿ ಬಿಗಿದರು.

“ನೋಡೇ, ತಟ್ಟೆ ಖಾಲಿ! ಲಾಲ್ ಸಾಬ್ ಜೋಡಿಸಿದ್ರೆ ಒಂದು ವಾಷರಾದ್ರೂ ಉಳೀತಿತ್ತು!”

ಚಕ್ರ ಸ್ವಲ್ಪ ಬಿಗಿಯಾಗಿ ತಿರುಗಿತು. ಹೊಸ ಚಪ್ಪಲಿ ಕಚ್ಚುವುದಿಲ್ಲವೇ, ಇದೂ ಹಾಗೇ ಎಂದುಕೊಂಡರು.

ಹತ್ತೂವರೆಗೆ ಹೊರಟರು. ಹಿಂದೆ ಉಮಾಮಹೇಶ್ವರಿ, ಅವರ ತೊಡೆಯ ಮೇಲೆ ತಂಗಿಯ ಸೀರೆಯ ಬುಟ್ಟಿ. ಐದು ಮೈಲಿ ಸಾಗುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಚಕ್ರ ಕೀಂಯ್ ಎಂದು ಕಿರುಚಿತು. ಗಾಡಿ ತಾನಾಗಿಯೇ ರಸ್ತೆ ಪಕ್ಕಕ್ಕೆ ಜಾರಿ ನಿಂತುಬಿಟ್ಟಿತು. ಮುಂದಿನ ಚಕ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ! ವಾಮದೇವಪ್ಪನವರು ಒದ್ದರು, ಗುದ್ದಿದರು, ಅಂಗಾತ ಮಲಗಿ ತಡಕಾಡಿದರು. ಬಿಳಿ ಪಂಚೆ ಕರಿ ಪಂಚೆಯಾಯಿತು.

ಉಮಾಮಹೇಶ್ವರಿ ಅಂಜುತ್ತಲೇ ಕೇಳಿದರು: “ಆ ಕೊಳವೆ ಹಾಕಿದ್ರೇನ್ರಿ?”

“ಯಾವ ಕೊಳವೆ?”

“ಅರ್ಧ ಗೇಣುದ್ದದ್ದು, ಕಬ್ಬಿಣದ್ದು. ನಿಮ್ಮ ತಟ್ಟೇಲಿತ್ತಲ್ಲ?”

ವಾಮದೇವಪ್ಪನವರ ಕಣ್ಣ ಮುಂದೆ ಲಾಲ್ ಸಾಬ್ ಬಂದು ನಿಂತ. ಎರಡು ಬೇರಿಂಗುಗಳ ನಡುವೆ ಒಂದು ಕೊಳವೆ ಇಟ್ಟಿದ್ದ! ಅದಿಲ್ಲದೆ ನಟ್ಟು ಬಿಗಿದರೆ ಎರಡೂ ಬೇರಿಂಗ್ ಹಿಂಡಿಹೋಗುತ್ತವೆ.

“ಎಲ್ಲೈತೆ ಅದು?” ಎಂದು ಗುಡುಗಿದರು.

“ಒಲೆ ಹತ್ರ. ಅದ್ರಿಂದಾನೇ ಊದಿದ್ದು. ಮೂಗು ಸುಟ್ಕಂಡೀನಿ, ನೋಡ್ರಿ!”

ಅಷ್ಟರಲ್ಲಿ ಹರಿಹರದ ಬಸ್ಸು ಬಂತು. ಕಂಡಕ್ಟರ್ ಇಬ್ಬರನ್ನೂ ನೋಡಿ, “ಅಕ್ಕಾರು ಹತ್ತಲಿ. ನಿಮ್ಮನ್ನ ಹತ್ತಿಸ್ಕಂಡ್ರೆ ಎಲ್ರ ಬಟ್ಟೇನೂ ಹಾಳಾಗ್ತೈತೆ” ಎಂದ.

“ಅಲ್ಲಿ ಏನಂತ ಹೇಳ್ಲಿ?” ಉಮಾಮಹೇಶ್ವರಿಯ ಕಣ್ಣು ತುಂಬಿತ್ತು.

“ಮಿಲ್ಲಿನ ಸಾಹೇಬ್ರೇ ಕರೆಸಿದ್ರು, ನಾನಿಲ್ದೆ ಮಿಲ್ಲೇ ನಡಿಯಂಗಿಲ್ಲ ಅನ್ನು. ಬೇರಿಂಗ್ ಅಂತ ಮಾತ್ರ ಬಾಯಿ ಬಿಡಬ್ಯಾಡ!”

ಬಸ್ಸು ಹೋಯಿತು. ನಟ್ಟು ಸಡಿಲಿಸಿದಾಗ ಚಕ್ರ ಕುಂಟುತ್ತ ತಿರುಗಿತು, ತಳ್ಳಲು ಸಾಕಾಗುವಷ್ಟು. ಉಳಿದ ನಾಲ್ಕು ಮೈಲಿಯನ್ನು ಹಿರಿಯ ಅಳಿಯ ಬಿಸಿಲಿನಲ್ಲಿ ತಳ್ಳಿಕೊಂಡೇ ನಡೆದರು. ಹನ್ನೊಂದೂವರೆ ಎಲ್ಲೋ ದಾರಿಯಲ್ಲಿ ಕಳೆದುಹೋಯಿತು.

ಮಾವನ ಮನೆ ಮುಟ್ಟಿದಾಗ ಊಟವೂ ಮುಗಿದಿತ್ತು. ಬೇವಿನ ಮರದ ಕೆಳಗೆ ಕಡರನಾಯಕನಹಳ್ಳಿಯ ಬೀಗರು, ಅಂದರೆ ಗಂಡಿನ ತಂದೆ, ಎತ್ತಿನ ಗಾಡಿ ಕಟ್ಟಿಸುತ್ತಿದ್ದರು. ಹೆಣ್ಣು ನೋಡಲು ಬಂದ ದಿನ ವಾಮದೇವಪ್ಪನವರು ಮಿಲ್ಲಿನಲ್ಲಿದ್ದುದರಿಂದ ಇವರ ಮುಖ ಅವರು ಕಂಡಿರಲಿಲ್ಲ.

“ಬಾರಪ್ಪ ಮೇಸ್ತ್ರಿ, ಒಳ್ಳೆ ಹೊತ್ತಿಗೆ ಬಂದಿ! ನಮ್ಮ ಗಾಡಿ ಗಾಲಿ ಕಿರ್ ಅಂತೈತೆ. ಒಂದೀಟು ಕೀಲೆಣ್ಣೆ ಹಚ್ಚು.”

ವಾಮದೇವಪ್ಪನವರು ಬಾಯಿ ತೆರೆದರು. ಬಾಗಿಲಲ್ಲಿ ನಿಂತ ಉಮಾಮಹೇಶ್ವರಿ ‘ಬ್ಯಾಡ’ ಎಂದು ತಲೆಯಾಡಿಸುತ್ತಿದ್ದರು. ಈಗ ನಿಜ ಹೇಳಿದರೆ ಮಿಲ್ಲಿನ ಕತೆ ಹೇಳಿದ ಹೆಂಡತಿ ಸುಳ್ಳುಗಾತಿ, ತಾನು ಹುಚ್ಚ!

“ಆಗ್ಲಿ ಯಜಮಾನ್ರೇ” ಎಂದು ಕೂತರು. ಅಚ್ಚಿಗೆ ಎಣ್ಣೆ ಹಚ್ಚಿ ಗಾಲಿ ತಿರುಗಿಸಿದರು. ಗಾಲಿ ಸದ್ದಿಲ್ಲದೆ ತಿರುಗಿತು!

“ಕೈ ಚಲೋ ಐತಲ್ಲೋ ನಿಂದು!” ಬೀಗರು ಸಂತೋಷದಿಂದ ಚೀಲ ಬಿಚ್ಚಿ ವೀಳ್ಯದೆಲೆ, ಅಡಿಕೆ ಕೊಟ್ಟರು. ಕನ್ನಡಿಯ ಮುಂದಿನ ಗತ್ತೆಲ್ಲ ಮರೆತುಹೋಗಿ ವಾಮದೇವಪ್ಪನವರು ಎರಡೂ ಕೈ ಚಾಚಿದರು.

“ಈ ಮನೆ ಹಿರೇ ಅಳಿಯ ಭಾರೀ ಸಾಹೇಬನಂತೆ, ಇವತ್ತು ಮುಖಾನೇ ತೋರಿಸ್ಲಿಲ್ಲ. ಇಂಥ ದಿನ ಬರದವನು ಎಂಥ ಅಳಿಯನಪ್ಪ?”

“ಹೌದ್ರಿ ಯಜಮಾನ್ರೇ, ಎಂಥ ಅಳಿಯ!”

ಗಾಡಿ ಹೊರಟಿತು. ಬೀಗರು ಹಿಂದಿರುಗಿ ಕೂಗಿದರು:

“ಅವನು ಬರ್ಲಿ ಬಿಡ್ಲಿ, ಮದುವಿಗೆ ನೀನು ಮಾತ್ರ ತಪ್ಪಿಸಬ್ಯಾಡ ಮೇಸ್ತ್ರಿ! ನಮ್ಮೂರಿಂದ ಹತ್ತು ಗಾಡಿ ಬರ್ತಾವೆ!”